ಸತ್ತ ದೊರೆಯ ಸಾಕ್ಷ್ಯ: ಪ್ರಾಚೀನ ಈಜಿಪ್ಟಿನ ಒಂದು ಅಂತಃಪುರದ ಸಂಚು

ಇಟಲಿ ದೇಶದ ಟ್ಯೂರಿನ್ ನಗರದ ವಸ್ತುಪ್ರದರ್ಶನಶಾಲೆಯಲ್ಲಿ ಒಂದು ಹಳೆಯ ಸುರುಳಿಯಿದೆ. ನೈಲ್ ನದಿಯ ದಡದಲ್ಲಿ ಬೆಳೆಯುತ್ತಿದ್ದ ಪಪೈರಸ್ ಎಂಬ ಜೊಂಡನ್ನು ಸೀಳಿ, ಒಂದರ ಮೇಲೊಂದು ಅಡ್ಡಲಾಗಿ ಹಾಸಿ ಒತ್ತಿ ಮಾಡಿದ ಹಾಳೆಯ ಮೇಲೆ, ಈಜಿಪ್ಟಿನ ಕರಣಿಕನೊಬ್ಬನು ಮೂರು ಸಾವಿರದ ನೂರು ವರ್ಷಗಳಿಗೂ ಹಿಂದೆ ಬರೆದಿಟ್ಟ ನ್ಯಾಯವಿಚಾರಣೆಯ ವರದಿ ಅದು. ಮೂರನೆಯ ರಾಮೆಸೀಸನೆಂಬ ಮಹಾಪ್ರಭುವಿಗೆ ವಿರೋಧವಾಗಿ ಅವನ ಅಂತಃಪುರದಲ್ಲಿಯೇ ಹುಟ್ಟಿದ ಒಳಸಂಚೊಂದರ ವಿಚಾರಣೆ. ಆಪಾದಿತರ ಹೆಸರುಗಳೇನು, ಅವರು ಅರಮನೆಯಲ್ಲಿ ಯಾವ ಊಳಿಗದಲ್ಲಿದ್ದರು, ಮಾಡಿದ ಅಪರಾಧವೇನು, ಪಡೆದ ಶಿಕ್ಷೆಯೇನು ಎಂಬುದೆಲ್ಲ ಅದರಲ್ಲಿ ಕ್ರಮವಾಗಿ ನಮೂದಾಗಿದೆ. ಇಷ್ಟನ್ನೆಲ್ಲ ಹೇಳುವ ಆ ವರದಿ, ನಾವು ಮೊಟ್ಟಮೊದಲು ಕೇಳುವ ಪ್ರಶ್ನೆಯೊಂದಕ್ಕೆ ಮಾತ್ರ ಬಾಯಿ ಬಿಡುವುದಿಲ್ಲ. ಸಂಚು ಫಲಿಸಿತೇ? ದೊರೆ ಸತ್ತನೇ, ಉಳಿದನೇ?

ಪಂಡಿತರು ಈ ವಿಷಯದಲ್ಲಿ ನೂರು ವರ್ಷಗಳಿಗೂ ಹೆಚ್ಚು ಕಾಲ ಚರ್ಚೆ ಮಾಡಿದರು. ಉತ್ತರವು ದೊರೆತದ್ದು 2012ರಲ್ಲಿ. ಅದನ್ನು ಕೊಟ್ಟವನು ಮತ್ತಾರೂ ಅಲ್ಲ, ಆ ದೊರೆಯೇ. ಅದು ಹೇಗೆಂಬುದನ್ನು ನಿವೇದಿಸುವುದೇ ಈ ಉಪನ್ಯಾಸದ ಉದ್ದೇಶ. ಆದರೆ ವರದಿಯ ಮೌನವು ಲೇಖಕನ ಮರೆವಿನಿಂದ ಆದದ್ದಲ್ಲ; ಅದಕ್ಕೆ ಬಲವಾದ ಕಾರಣವುಂಟು. ಆ ಕಾರಣವು ಮನಸ್ಸಿಗೆ ಹತ್ತಬೇಕಾದರೆ, ಈಜಿಪ್ಟಿನಲ್ಲಿ ಪಟ್ಟವು ತಂದೆಯಿಂದ ಮಗನಿಗೆ ಬರುತ್ತಿದ್ದ ಬಗೆಯನ್ನು ಮೊದಲು ವಿಚಾರಿಸಬೇಕು.

ಈಜಿಪ್ಟಿನವರು ತಮ್ಮ ದೊರೆಯನ್ನು ಕೇವಲ ಮನುಷ್ಯನೆಂದು ಎಣಿಸುತ್ತಿರಲಿಲ್ಲ. ಅವರ ಪುರಾಣದ ಪ್ರಕಾರ ಮೊದಲು ಒಸೈರಿಸ್ ಎಂಬ ದೇವತೆ ಭೂಮಿಯನ್ನು ಆಳುತ್ತಿದ್ದನು. ಅವನ ತಮ್ಮನಾದ ಸೇಥನು ರಾಜ್ಯದ ಆಸೆಯಿಂದ ಅಣ್ಣನನ್ನು ಕೊಂದನು. ಒಸೈರಿಸನ ಪತ್ನಿಯಾದ ಐಸಿಸ್ ಗಂಡನ ದೇಹವನ್ನು ಹುಡುಕಿ ತಂದು ಸಂಸ್ಕಾರ ಮಾಡಿಸಿ, ಮಗನಾದ ಹೋರಸನನ್ನು ಗುಟ್ಟಾಗಿ ಸಾಕಿದಳು. ಹೋರಸನು ಪ್ರಾಯಕ್ಕೆ ಬಂದು, ಚಿಕ್ಕಪ್ಪನ ಮೇಲೆ ದೇವಸಭೆಯಲ್ಲಿ ವ್ಯಾಜ್ಯ ಹೂಡಿ, ತಂದೆಯ ಪಟ್ಟವನ್ನು ಸಂಪಾದಿಸಿದನು. ಒಸೈರಿಸನು ಪರಲೋಕದ ಅಧಿಪತಿಯಾದನು. ಆದಕಾರಣ ಸಿಂಹಾಸನದ ಮೇಲೆ ಕುಳಿತಿರತಕ್ಕ ಪ್ರತಿಯೊಬ್ಬ ದೊರೆಯೂ ಹೋರಸ್. ತೀರಿಹೋದ ಪ್ರತಿಯೊಬ್ಬ ದೊರೆಯೂ ಒಸೈರಿಸ್.

ಈ ನಂಬಿಕೆಯಲ್ಲಿ ಒಂದು ಸೂಕ್ಷ್ಮವು ಅಡಗಿದೆ. ತಂದೆಗೆ ಉತ್ತರಕ್ರಿಯೆ ಮಾಡುವವನು ಹೋರಸನಾದುದರಿಂದ, ಯಾವನು ಸತ್ತ ದೊರೆಯನ್ನು ವಿಧಿವತ್ತಾಗಿ ಸಮಾಧಿಗೆ ಸೇರಿಸುತ್ತಾನೆಯೋ ಅವನೇ ಉತ್ತರಾಧಿಕಾರಿ ಎಂಬ ಭಾವನೆಯು ಬೇರೂರಿತು. 1922ರಲ್ಲಿ ಬೆಳಕಿಗೆ ಬಂದ ಟುಟಂಖಾಮನ್ ದೊರೆಯ ಸಮಾಧಿಯ ಹೆಸರನ್ನು ಕೇಳದವರಿಲ್ಲ. ಅದರ ಗೋಡೆಯ ಮೇಲೆ ಒಂದು ಚಿತ್ರವಿದೆ. ಆಯಿ ಎಂಬ ವೃದ್ಧ ಅಧಿಕಾರಿಯು ರಾಜಕಿರೀಟವನ್ನು ಧರಿಸಿ, ಚಿರತೆಯ ಚರ್ಮವನ್ನು ಹೊದ್ದು, ಮೃತನ ಬಾಯಿ ತೆರೆಯಿಸುವ ಕರ್ಮವನ್ನು ನಡೆಸುತ್ತಿದ್ದಾನೆ. ಆಯಿಯು ಆ ತರುಣ ದೊರೆಯ ಮಗನಲ್ಲ. ಮಗನು ಮಾಡಬೇಕಾದ ಕರ್ಮವನ್ನು ಮಾಡಿದನು, ದೊರೆಯಾದನು. ಚಿತ್ರವು ಭಕ್ತಿಯ ಚಿತ್ರವೂ ಹೌದು, ಹಕ್ಕುಪತ್ರವೂ ಹೌದು.

ಹಿರಿಯ ಹೆಂಡತಿಯ ಹಿರಿಯ ಮಗನಿಗೆ ಪಟ್ಟವೆಂಬುದು ಸಾಮಾನ್ಯವಾದ ರೂಢಿಯಾಗಿತ್ತು. ಆದರೆ ಅದನ್ನು ಅಲುಗಾಡದಂತೆ ಬಿಗಿಯುವ ಲಿಖಿತ ಶಾಸನವಿರಲಿಲ್ಲ. ದೊರೆಗೆ ಅನೇಕ ರಾಣಿಯರು, ಅನೇಕ ಮಕ್ಕಳು. ಯಾವ ಮಗನನ್ನು ಮುಂದಕ್ಕೆ ತರಬೇಕೆಂಬುದು ಕಟ್ಟಕಡೆಗೆ ದೊರೆಯ ಚಿತ್ತ. ಪಟ್ಟವು ಕೈಗೆ ಬಂದಮೇಲೆ ಧರ್ಮವು ಹೊಸ ದೊರೆಯನ್ನು ಹೋರಸನೆಂದು ಒಪ್ಪಿಕೊಳ್ಳುತ್ತಿತ್ತು. ಹಳೆಯ ದೊರೆ ಹೇಗೆ ಸತ್ತನೆಂದು ಕೇಳುತ್ತಿರಲಿಲ್ಲ. ಅಂತಃಪುರದಲ್ಲಿ ಒಬ್ಬ ಮಗನನ್ನು ಹೆತ್ತ ಕಿರಿಯ ರಾಣಿಗೆ ಇದಕ್ಕಿಂತ ದೊಡ್ಡ ಪ್ರಲೋಭನೆ ಏನು ಬೇಕು? ನಮ್ಮ ಕೈಕೇಯಿಗೆ ಎರಡು ವರಗಳ ಬಲವಾದರೂ ಇತ್ತು; ಕೇಳಿ ಪಡೆಯುವ ದಾರಿಯಿತ್ತು. ವರವಿಲ್ಲದ ಕೈಕೇಯಿಯರು ಬೇರೆ ದಾರಿ ಹುಡುಕಿದರು.

ಇಂತಹ ಪ್ರಸಂಗಗಳು ಈಜಿಪ್ಟಿನ ಚರಿತ್ರೆಯಲ್ಲಿ ಬಹಳ ಹಿಂದಿನಿಂದ ಇವೆ. ಕ್ರಿ. ಪೂ. 2300ರ ಸುಮಾರಿಗೆ ಆಳಿದ ಒಂದನೆಯ ಪೆಪಿಯ ಕಾಲದಲ್ಲಿ ವೇನಿ ಎಂಬ ಅಧಿಕಾರಿಯಿದ್ದನು. ರಾಣಿಯೊಬ್ಬಳ ಮೇಲೆ ಬಂದ ಆಪಾದನೆಯನ್ನು ಗೋಪ್ಯವಾಗಿ ವಿಚಾರಿಸಲು ದೊರೆ ತನ್ನನ್ನು ನೇಮಿಸಿದನೆಂದೂ, ಪ್ರಧಾನಮಂತ್ರಿಗೂ ಆ ವಿಚಾರಣೆಯೊಳಕ್ಕೆ ಪ್ರವೇಶವಿರಲಿಲ್ಲವೆಂದೂ ಅವನು ತನ್ನ ಸಮಾಧಿಯ ಕಲ್ಲಿನಲ್ಲಿ ಹೆಮ್ಮೆಯಿಂದ ಕೊರೆಸಿದ್ದಾನೆ. ಆಪಾದನೆ ಏನೆಂಬುದನ್ನು ಮಾತ್ರ ಹೇಳಲಿಲ್ಲ! ಅಲ್ಲಿಂದ ಮೂರು ನಾಲ್ಕು ಶತಮಾನಗಳ ತರುವಾಯ, ಒಂದನೆಯ ಅಮೆನೆಮ್ಹೇಟನು ರಾತ್ರಿಯ ಊಟವಾಗಿ ಮಲಗಿದ್ದಾಗ ಅವನ ಕಾವಲಿನವರೇ ಅವನ ಮೇಲೆ ಬಿದ್ದರು. ಈ ವೃತ್ತಾಂತವು ನಮಗೆ ತಿಳಿದಿರುವುದು ಒಂದು ಬೋಧಗ್ರಂಥದಿಂದ. ಅದರಲ್ಲಿ ಸತ್ತ ದೊರೆಯೇ ಮಾತನಾಡುತ್ತ, ಯಾರನ್ನೂ ನಂಬಬೇಡವೆಂದು ಮಗನಿಗೆ ಬುದ್ಧಿ ಹೇಳುತ್ತಾನೆ. ಸತ್ತವರ ಬಾಯಿಂದ ಮಾತಾಡಿಸುವುದು ಈಜಿಪ್ಟಿನ ಲೇಖಕರ ಒಂದು ಪದ್ಧತಿ. ಈ ಪದ್ಧತಿಯನ್ನು ನೆನಪಿನಲ್ಲಿಟ್ಟಿರಿ, ಮುಂದೆ ಬೇಕಾಗುತ್ತದೆ.

ಅಂತಃಪುರದ ಭಯವು ಈಜಿಪ್ಟಿಗೆ ಮೀಸಲಾದದ್ದೆಂದು ಮಾತ್ರ ಭಾವಿಸಬಾರದು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ 1905ರಲ್ಲಿ ದೊರೆತು 1909ರಲ್ಲಿ ಅಚ್ಚಾದ ಕೌಟಲ್ಯನ ಅರ್ಥಶಾಸ್ತ್ರವನ್ನು ತೆಗೆದು ನೋಡಿದರೆ, ಈ ವಿಷಯಕ್ಕೆಂದೇ ಒಂದು ಅಧ್ಯಾಯವಿದೆ. ರಾಣಿಯ ಮನೆಯಲ್ಲಿ ಅವಿತಿದ್ದ ತಮ್ಮನಿಂದ ಭದ್ರಸೇನನು ಸತ್ತದ್ದನ್ನೂ, ತಾಯಿಯ ಮಂಚದಡಿಯಲ್ಲಿ ಅಡಗಿದ್ದ ಮಗನಿಂದ ಕಾರೂಷನು ಸತ್ತದ್ದನ್ನೂ ಕೌಟಲ್ಯನು ಉದಾಹರಿಸುತ್ತಾನೆ. ರಾಜಪುತ್ರರು ಹೆತ್ತವರನ್ನೇ ತಿನ್ನುವ ಏಡಿಗಳ ಜಾತಿಯವರೆಂಬ ಪೂರ್ವಾಚಾರ್ಯನೊಬ್ಬನ ಅಭಿಪ್ರಾಯವೂ ಆ ಗ್ರಂಥದಲ್ಲಿಯೇ ಇದೆ. ದೊರೆಯು ಒಳಮನೆಗೆ ಹೋದಾಗ, ವೃದ್ಧಸ್ತ್ರೀಯರು ಪರೀಕ್ಷಿಸಿದ ರಾಣಿಯನ್ನು ಮಾತ್ರವೇ ನೋಡಬೇಕಂತೆ. ಮೂರನೆಯ ರಾಮೆಸೀಸನಿಗೆ ಇಂತಹ ಮಂತ್ರಿ ಇರಲಿಲ್ಲ.

ಈ ರಾಮೆಸೀಸನು ಸಾಮಾನ್ಯ ದೊರೆಯಲ್ಲ. ಸುಮಾರು ಕ್ರಿ. ಪೂ. 1186ರಿಂದ 1155ರ ವರೆಗೆ ಮೂವತ್ತೊಂದು ವರ್ಷಗಳ ಕಾಲ ಆಳಿದನು. ಇವನ ತಂದೆ ಸೆತ್ನಖ್ತನು ಒಂದು ಅರಾಜಕದ ಕಾಲದಲ್ಲಿ ಸಿಂಹಾಸನವನ್ನು ಹಿಡಿದು ಕೆಲವೇ ವರ್ಷಗಳಲ್ಲಿ ತೀರಿಕೊಂಡವನು. ಆದ್ದರಿಂದ ವಂಶವು ಹೊಸದು, ಬೇರು ಆಳವಾಗಿ ಇಳಿದಿರಲಿಲ್ಲ. ಮಗನು ತನ್ನ ಆಳಿಕೆಯ ಐದನೆಯ ವರ್ಷದಲ್ಲಿಯೂ ಹನ್ನೊಂದನೆಯ ವರ್ಷದಲ್ಲಿಯೂ ಪಶ್ಚಿಮದಿಂದ ಬಂದ ಲಿಬಿಯದವರನ್ನು ಸೋಲಿಸಿದನು. ಎಂಟನೆಯ ವರ್ಷದಲ್ಲಿ ಸಮುದ್ರದ ಮೇಲಿನಿಂದ ಬಂದ ಹಲವು ಜನಾಂಗಗಳ ಒಕ್ಕೂಟವನ್ನು ನೈಲ್ ನದಿಯ ಮುಖದಲ್ಲಿ ತಡೆದನು. ಪೂರ್ವ ಮೆಡಿಟರೇನಿಯನ್ನಿನ ಅನೇಕ ರಾಜ್ಯಗಳು ಆ ಕಾಲದ ಬಿರುಗಾಳಿಯಲ್ಲಿ ನೆಲಸಮವಾದವು, ಈಜಿಪ್ಟು ನಿಂತಿತು. ಥೀಬ್ಸ್ ನಗರದ ಎದುರಿಗೆ, ನದಿಯ ಪಶ್ಚಿಮ ತೀರದಲ್ಲಿ ಇವನು ಕಟ್ಟಿಸಿದ ಮೆದಿನೆತ್ ಹಾಬುವಿನ ದೇವಸ್ಥಾನದ ಗೋಡೆಗಳು ಈ ಯುದ್ಧಚಿತ್ರಗಳಿಂದ ಇಂದಿಗೂ ತುಂಬಿವೆ.

ಯುದ್ಧದಲ್ಲಿ ಗೆದ್ದವನಿಗೆ ಕಣಜದಲ್ಲಿ ಸೋಲಾಯಿತು. ಆಳಿಕೆಯ 29ನೆಯ ವರ್ಷದಲ್ಲಿ, ರಾಜರ ಸಮಾಧಿಗಳನ್ನು ಕೊರೆಯುತ್ತಿದ್ದ ಕುಶಲಕರ್ಮಿಗಳಿಗೆ ಕೊಡಬೇಕಾದ ಧಾನ್ಯವು ತಿಂಗಳು ಹುಟ್ಟಿ ಹದಿನೆಂಟು ದಿನ ಕಳೆದರೂ ಬರಲಿಲ್ಲ. ಅವರು ಉಳಿ ಸುತ್ತಿಗೆಗಳನ್ನು ಕೆಳಗಿಟ್ಟು, ಕಾವಲುಗೋಡೆಗಳನ್ನು ದಾಟಿ ಬಂದು, ಒಂದು ದೇವಸ್ಥಾನದ ಹಿಂದೆ ಕುಳಿತುಬಿಟ್ಟರು. ಪ್ರಪಂಚದ ಚರಿತ್ರೆಯಲ್ಲಿ ಬರಹದಲ್ಲಿ ಉಳಿದಿರುವ ಮೊಟ್ಟಮೊದಲನೆಯ ಮುಷ್ಕರವೆಂದು ಇದನ್ನು ಎಣಿಸುವುದುಂಟು. ಅತ್ತ ಅರಮನೆಯಲ್ಲಿ ದೊರೆಯ ಮೂವತ್ತನೆಯ ವರ್ಷದ ಮಹೋತ್ಸವಕ್ಕೆ ಸಿದ್ಧತೆಗಳಾಗುತ್ತಿದ್ದವು.

ಉತ್ತರಾಧಿಕಾರದ ವಿಷಯವೂ ಅಷ್ಟು ನಿಶ್ಚಿತವಾಗಿರಲಿಲ್ಲ. ದೊರೆಯ ಹಿರಿಯ ಮಕ್ಕಳಲ್ಲಿ ಹಲವರು ಅವನಿಗಿಂತ ಮುಂಚೆಯೇ ತೀರಿಕೊಂಡಿದ್ದರು. ರಾಣಿಯರ ಕಣಿವೆಯಲ್ಲಿ ಆ ಬಾಲಕರ ಸಮಾಧಿಗಳಿವೆ. ತಂದೆಯು ಮಗನ ಕೈಹಿಡಿದು ಒಬ್ಬೊಬ್ಬ ದೇವತೆಗೂ ಪರಿಚಯ ಮಾಡಿಸುತ್ತಿರುವ ವರ್ಣಚಿತ್ರಗಳು ನೋಡಿದವರ ಕಣ್ಣನ್ನು ತೇವಗೊಳಿಸತಕ್ಕವು. ಉಳಿದವರಲ್ಲಿ ಹಿರಿಯನು ಮುಂದೆ ನಾಲ್ಕನೆಯ ರಾಮೆಸೀಸನಾದ ರಾಜಕುಮಾರ. ಮೆದಿನೆತ್ ಹಾಬುವಿನಲ್ಲಿ ರಾಜಕುಮಾರರ ಮೆರವಣಿಗೆಯನ್ನು ಕೆತ್ತಿದ ಶಿಲ್ಪಿಗಳು ಮೊದಲಿಗೆ ಅವರ ಹೆಸರುಗಳನ್ನು ಬರೆಯಲಿಲ್ಲ. ರಾಣಿಯ ಹೆಸರಿರಬೇಕಾದ ಮುದ್ರೆಯನ್ನೂ ಖಾಲಿ ಬಿಟ್ಟರು. ಹೆಸರು ತುಂಬಲು ದೊರೆ ಏಕೆ ಅನುಮತಿ ಕೊಡಲಿಲ್ಲವೋ ಅವನೇ ಬಲ್ಲ. ಆದರೆ ಬರಿದಾದ ಮುದ್ರೆಯನ್ನು ಕಂಡ ಪ್ರತಿಯೊಬ್ಬ ತಾಯಿಗೂ, ಅಲ್ಲಿ ತನ್ನ ಹೆಸರೇ ಏಕಿರಬಾರದೆಂದು ತೋರಿದ್ದರೆ ಆಶ್ಚರ್ಯವಿಲ್ಲ.

ಹಾಗೆ ತೋರಿದವಳು ತೀಯೆ ಎಂಬ ರಾಣಿ. ಅವಳ ಮಗನನ್ನು ನ್ಯಾಯಾಲಯದ ವರದಿಯು ಪೆಂತವೇರೆ ಎಂದು ಕರೆಯುತ್ತದೆ. ಅದು ಅವನ ನಿಜವಾದ ಹೆಸರಲ್ಲವೆಂಬುದನ್ನೂ ಸೂಚಿಸುತ್ತದೆ. ಈ ಮಗನನ್ನು ಪಟ್ಟಕ್ಕೆ ತರಬೇಕೆಂಬುದೇ ಸಂಚಿನ ಗುರಿ.

ಈಜಿಪ್ಟಿನ ರಾಣಿವಾಸವನ್ನು ನಾವು ನಾಲ್ಕು ಗೋಡೆಗಳ ಸೆರೆಮನೆಯೆಂದು ಕಲ್ಪಿಸಿಕೊಂಡರೆ ಈ ಕಥೆಯು ಅರ್ಥವಾಗುವುದಿಲ್ಲ. ಅದೊಂದು ದೊಡ್ಡ ಸಂಸ್ಥಾನವಿದ್ದಂತೆ. ಅದಕ್ಕೆ ಪ್ರತ್ಯೇಕವಾದ ಭೂಮಿಕಾಣಿ, ದನಕರು, ನೇಯ್ಗೆಯ ಮನೆಗಳು, ಕರಣಿಕರು, ಪಾರುಪತ್ಯಗಾರರು ಇದ್ದರು. ಫಯ್ಯೂಮ್ ಪ್ರಾಂತದಲ್ಲಿದ್ದ ಇಂತಹ ಒಂದು ರಾಣಿವಾಸವು ನಾರುಬಟ್ಟೆಯ ನೇಯ್ಗೆಗೆ ಹೆಸರಾಗಿತ್ತು. ದೊರೆ ಸಂಚಾರ ಹೊರಟಾಗ ಅವನ ಸಂಗಡವೇ ಹೋಗುವ ರಾಣಿವಾಸವೂ ಒಂದಿತ್ತು. ನಮ್ಮ ವರದಿಯಲ್ಲಿ ಇದರ ಪ್ರಸ್ತಾಪವಿದೆ. ಇಲ್ಲಿನ ಸ್ತ್ರೀಯರಿಗೆ ಹೊರಗೆ ತಾಯಂದಿರಿದ್ದರು, ಅಣ್ಣತಮ್ಮಂದಿರಿದ್ದರು, ಅವರಲ್ಲಿ ಕೆಲವರು ಸೇನೆಯಲ್ಲಿ ಅಧಿಕಾರದಲ್ಲಿದ್ದರು. ಒಳಗಿನ ಮಾತು ಹೊರಗೆ ಹೋಗುವುದಕ್ಕೆ ಬೇಕಾದದ್ದು ಒಬ್ಬ ನಂಬಿಕಸ್ತ ಮನುಷ್ಯ ಮಾತ್ರ.

ಆ ಮನುಷ್ಯನು ದೊರೆಯ ಒಳಮನೆಯ ಮುಖ್ಯಾಧಿಕಾರಿಯಾದ ಪಬೆಕ್ಕಮೆನ್. ಅಂತಃಪುರದ ಹೆಂಗಸರ ಸಂದೇಶಗಳನ್ನು ಹೊರಗಿದ್ದ ಅವರ ತಾಯಂದಿರಿಗೂ ಸೋದರರಿಗೂ ಮುಟ್ಟಿಸಿ, ಜನರನ್ನು ಕೂಡಿಸಿ ಒಡೆಯನ ಮೇಲೆ ದ್ವೇಷವನ್ನು ಹುಟ್ಟಿಸಿರೆಂದು ಪ್ರಚೋದಿಸಿದವನು ಇವನೇ ಎಂದು ವರದಿ ಹೇಳುತ್ತದೆ. ಇವನ ಜೊತೆಗೆ ಮೆಸೆದ್ಸುರೆ ಎಂಬ ಹಜೂರಿನ ಊಳಿಗದವನು. ರಾಣಿವಾಸದ ಪಾರುಪತ್ಯಗಾರ, ಅದರ ಕರಣಿಕ, ಕೋಶಾಧಿಕಾರಿ ಒಬ್ಬ, ಬಾಗಿಲು ಕಾಯುವವರ ಹೆಂಡಿರು ಆರು ಮಂದಿ. ನೂಬಿಯಾ ಪ್ರಾಂತದ ಬಿಲ್ಲಾಳುಗಳ ನಾಯಕನೊಬ್ಬನಿಗೆ ಅಂತಃಪುರದಲ್ಲಿದ್ದ ಅವನ ತಂಗಿಯು ಓಲೆ ಬರೆದು, ದಂಗೆಯೆಬ್ಬಿಸಿಕೊಂಡು ಬಾ ಎಂದು ಕರೆದಳು. ಪೇಯೆಸ್ ಎಂಬ ದಂಡನಾಯಕನೂ ಸೇರಿದನು. ಒಳಗೆ ದೊರೆಯ ವಧೆ, ಹೊರಗೆ ದಂಗೆ, ಇವೆರಡೂ ಒಂದೇ ಗಳಿಗೆಯಲ್ಲಿ ಆಗಬೇಕೆಂಬುದು ಹಂಚಿಕೆ. ಇವರಲ್ಲದೆ, ಮಾತು ಕಿವಿಗೆ ಬಿದ್ದಿದ್ದರೂ ದೂರು ಕೊಡದೆ ಸುಮ್ಮನಿದ್ದ ಕೆಲವು ಅಧಿಕಾರಿಗಳಿಗೂ, ಸಂಚು ಮಾಡಿದವರಿಗೆ ಆದ ಗತಿಯೇ ಆಯಿತು.

ಕತ್ತಿಯ ಜೊತೆಗೆ ಮಾಟವೂ ಬೇಕಾಯಿತು. ಟ್ಯೂರಿನ್ ಸುರುಳಿಗೆ ಸಂಬಂಧಪಟ್ಟ ಬೇರೆ ಎರಡು ಪತ್ರಗಳು, ಒಂದು ಪ್ಯಾರಿಸ್ಸಿನಲ್ಲಿಯೂ ಇನ್ನೊಂದು ನ್ಯೂಯಾರ್ಕಿನಲ್ಲಿಯೂ ಇವೆ. ದನಗಳ ಮೇಲ್ವಿಚಾರಕನಾಗಿದ್ದವನೊಬ್ಬನು ದೊರೆಯ ಸ್ವಂತ ಗ್ರಂಥಭಂಡಾರದ ಮಂತ್ರಪುಸ್ತಕವನ್ನು ಸಂಪಾದಿಸಿ, ಮೇಣದಿಂದ ಮನುಷ್ಯರ ಬೊಂಬೆಗಳನ್ನು ಮಾಡಿ, ಅವನ್ನು ಅಂತಃಪುರದೊಳಕ್ಕೆ ಸಾಗಿಸಿದನೆಂದು ಅವುಗಳಿಂದ ತಿಳಿಯುತ್ತದೆ. ಕಾವಲುಗಾರರ ಕೈಕಾಲುಗಳು ಸೋತುಹೋಗಲಿ ಎಂಬುದು ಆ ಮಾಟದ ಉದ್ದೇಶ. ಇದನ್ನು ಕೇಳಿ ನಗಬಾರದು. ವಿಚಾರಣೆ ಮಾಡಿದವರೂ ನಗಲಿಲ್ಲ. ಮಾಟವನ್ನು ಕೊಲೆಯ ಪ್ರಯತ್ನದಷ್ಟೇ ಘೋರವಾದ ಅಪರಾಧವೆಂದು ಎಣಿಸಿ ಮರಣಕ್ಕೆ ತಕ್ಕದ್ದೆಂದು ತೀರ್ಮಾನಿಸಿದರು. ಮಾಟಗಾರರೂ ನ್ಯಾಯಾಧಿಪತಿಗಳೂ ಒಂದೇ ಶಾಸ್ತ್ರವನ್ನು ನಂಬಿದ್ದರು.

ಕೃತ್ಯವು ನಡೆದ ಸ್ಥಳ ಮೆದಿನೆತ್ ಹಾಬುವಿನ ಮಹಾದ್ವಾರದ ಮೇಲಣ ಉಪ್ಪರಿಗೆಯೆಂದು ಕೆಲವರು ಊಹಿಸಿದ್ದಾರೆ. ಕೋಟೆಯ ಬಾಗಿಲಿನಂತಿರುವ ಆ ಕಟ್ಟಡದ ಮೇಲ್ಮಾಳಿಗೆಯ ಗೋಡೆಗಳಲ್ಲಿ, ದೊರೆಯು ಅಂತಃಪುರದ ತರುಣಿಯರೊಡನೆ ಕುಳಿತು ಪಗಡೆಯಂತಹ ಆಟವನ್ನಾಡುತ್ತಿರುವ ಶಿಲ್ಪಗಳಿವೆ. ಊಹೆಗೆ ಈ ಶಿಲ್ಪಗಳೇ ಆಧಾರ. ಅದಕ್ಕಿಂತ ಹೆಚ್ಚಿನ ಬೆಲೆಯನ್ನು ಅದಕ್ಕೆ ಕೊಡಬೇಕಾಗಿಲ್ಲ.

ಸಂಚಿನ ಮುಖ್ಯೋದ್ದೇಶವು ಕೆಟ್ಟಿತೆಂಬುದಂತೂ ಸ್ಪಷ್ಟ. ಪೆಂತವೇರೆಗೆ ಪಟ್ಟವಾಗಲಿಲ್ಲ, ನಾಲ್ಕನೆಯ ರಾಮೆಸೀಸನಿಗೆ ಆಯಿತು. ವಿಚಾರಣೆಗೆ ಹನ್ನೆರಡು ಮಂದಿಯ ಮಂಡಲಿ ಕುಳಿತಿತು. ಇಬ್ಬರು ಬೊಕ್ಕಸದ ಅಧಿಕಾರಿಗಳು, ಇಬ್ಬರು ಧ್ವಜಧಾರಿಗಳು, ಕೆಲವರು ಹಜೂರಿನ ಊಳಿಗದವರು, ಒಬ್ಬ ರಾಯಭಾರಿ, ಕರಣಿಕರು. ಹೆಸರುಗಳನ್ನು ನೋಡಿದರೆ ಇವರಲ್ಲಿ ಕೆಲವರು ಪರದೇಶದ ಮೂಲದವರು. ದೇಶಸ್ಥರಾದ ಹಳೆಯ ಮನೆತನಗಳವರಿಗಿಂತ, ತಮ್ಮ ಅನ್ನಕ್ಕೆ ದೊರೆಯನ್ನೇ ನಂಬಿದ ಪರಕೀಯರು ಹೆಚ್ಚು ವಿಶ್ವಾಸಪಾತ್ರರೆಂದು ಆ ಕಾಲದ ಅರಮನೆಯು ಎಣಿಸಿದ್ದಿರಬಹುದು.

ಆಪಾದಿತರು ಮೂವತ್ತಕ್ಕೂ ಮೇಲ್ಪಟ್ಟವರು. ಅವರ ಹೆಸರುಗಳಲ್ಲಿಯೇ ಶಿಕ್ಷೆಯ ಮೊದಲ ಕಂತು ಇದೆ. ಮೆಸೆದ್ಸುರೆ ಎಂದರೆ ‘ಸೂರ್ಯದೇವನು ಅವನನ್ನು ದ್ವೇಷಿಸುತ್ತಾನೆ’ ಎಂದರ್ಥ. ಯಾವ ತಾಯಿ ತನ್ನ ಮಗುವಿಗೆ ಇಂತಹ ಹೆಸರಿಟ್ಟಾಳು? ‘ಸೂರ್ಯದೇವನಿಗೆ ಪ್ರಿಯನು’ ಎಂದಿದ್ದ ಹೆಸರನ್ನು ಕರಣಿಕರು ತಿರುಚಿ ಬರೆದರೆಂದು ಪಂಡಿತರ ಮತ. ಪಬೆಕ್ಕಮೆನ್ ಎಂದರೆ ಕುರುಡ ಸೇವಕ. ಬಿಲ್ಲಾಳುಗಳ ನಾಯಕನ ಹೆಸರಿನ ಅರ್ಥ ಥೀಬ್ಸಿನ ದುಷ್ಟ. ಹೆಸರು ಉಳಿದವನು ಪರಲೋಕದಲ್ಲಿ ಉಳಿಯುತ್ತಾನೆಂಬುದು ಈಜಿಪ್ಟಿನವರ ದೃಢವಾದ ನಂಬಿಕೆ. ಹೆಸರನ್ನು ಕೆಡಿಸಿದರೆ ಮನುಷ್ಯನನ್ನು ಎರಡು ಸಲ ಕೊಂದಂತೆ.

ಮುಖ್ಯರಾದವರಿಗೆ ಅವರ ಶಿಕ್ಷೆಯು ಪ್ರಾಪ್ತವಾಯಿತೆಂದಷ್ಟೇ ವರದಿ ಹೇಳುತ್ತದೆ. ಅದು ಮರಣವೆಂಬುದರಲ್ಲಿ ಸಂಶಯವಿಲ್ಲ. ಎರಡನೆಯ ತಂಡದವರನ್ನು ಇದ್ದಲ್ಲಿಯೇ ಬಿಟ್ಟರು. ಅವರು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ರಾಜಕುಮಾರನಾದ ಪೆಂತವೇರೆಗೂ ಇದೇ ಗತಿ. ರಾಜರಕ್ತಕ್ಕೆ ಪರರ ಕೈ ತಗುಲದಿರಲೆಂದು ಕೊಟ್ಟ ರಿಯಾಯಿತಿ ಅದೆಂದು ತೋರುತ್ತದೆ. ತಾಯಿಯಾದ ತೀಯೆಗೆ ಏನಾಯಿತೆಂಬುದನ್ನು ವರದಿಯು ಹೇಳುವುದಿಲ್ಲ.

ಇಷ್ಟರಲ್ಲಿ ನ್ಯಾಯಾಸನಕ್ಕೇ ಕಳಂಕ ಬಂದಿತು. ಅಂತಃಪುರದ ಸ್ತ್ರೀಯರು ಕೆಲವರು ದಂಡನಾಯಕ ಪೇಯೆಸನೊಡನೆ ಸೇರಿ, ವಿಚಾರಣೆಯ ಅಧಿಕಾರಿಗಳಿದ್ದಲ್ಲಿಗೇ ಹೋಗಿ, ಅವರೊಂದಿಗೆ ಪಾನಗೋಷ್ಠಿ ನಡೆಸಿದರು. ಇದು ಹೊರಬಿದ್ದಮೇಲೆ ನ್ಯಾಯಾಧಿಪತಿಗಳೇ ಆಪಾದಿತರಾಗಿ ನಿಂತರು. ಮಂಡಲಿಯ ಸದಸ್ಯರಾದ ಇಬ್ಬರಿಗೂ, ಕಾವಲು ಮತ್ತು ಸೈನ್ಯದ ಇಬ್ಬರು ಅಧಿಕಾರಿಗಳಿಗೂ ಮೂಗು ಕಿವಿಗಳನ್ನು ಕೊಯ್ದರು. ಅವರಲ್ಲೊಬ್ಬನು ಅವಮಾನವನ್ನು ತಾಳಲಾರದೆ ಪ್ರಾಣಬಿಟ್ಟನು. ಹೋರಿ ಎಂಬ ಮೂರನೆಯ ಸದಸ್ಯನನ್ನು ಕಠಿನವಾದ ಮಾತುಗಳಿಂದ ಛೀಮಾರಿ ಮಾಡಿ ಬಿಟ್ಟುಬಿಟ್ಟರು. ಹೋರಿ ಹೇಗೆ ಪಾರಾದನೋ! ಎಲ್ಲ ಕಾಲದ ವಿಚಾರಣಾ ಮಂಡಲಿಗಳಲ್ಲಿಯೂ ಇಂತಹ ಅದೃಷ್ಟವಂತನೊಬ್ಬನು ಇರುತ್ತಾನೆಂದು ಕಾಣುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸುರುಳಿಯ ಆರಂಭದಲ್ಲಿ ಮಾತನಾಡುವವನು ಮೂರನೆಯ ರಾಮೆಸೀಸನೇ. ತಾನೇ ಮಂಡಲಿಯನ್ನು ನೇಮಿಸಿದುದಾಗಿಯೂ, ನಿರಪರಾಧಿಗೆ ಶಿಕ್ಷೆಯಾಗದಂತೆ ಎಚ್ಚರಿಕೆಯನ್ನು ಕೊಟ್ಟುದಾಗಿಯೂ, ಅಪರಾಧಿಗಳು ಮಾಡಿದ್ದು ಅವರ ತಲೆಯ ಮೇಲೆಯೇ ಬೀಳಲೆಂದೂ ಹೇಳುತ್ತಾನೆ. ಇದನ್ನು ಓದಿ, ಈ ಶತಮಾನಕ್ಕೆ ಹಿಂದಿನದರ ಆರಂಭದಲ್ಲಿ ಅಮೆರಿಕದ ಪ್ರಸಿದ್ಧ ವಿದ್ವಾಂಸನಾದ ಬ್ರೆಸ್ಟೆಡ್, ದೊರೆಯು ಗಾಯಗೊಂಡರೂ ಕೆಲವು ಕಾಲ ಬದುಕಿದ್ದು ವಿಚಾರಣೆಯನ್ನು ತಾನೇ ಏರ್ಪಡಿಸಿರಬೇಕೆಂದು ಭಾವಿಸಿದನು. 1937ರಲ್ಲಿ ಡಚ್ ಪಂಡಿತನಾದ ಡಿ ಬುಕ್ ಇದನ್ನು ಒಪ್ಪಲಿಲ್ಲ. ದೊರೆಯು ಅದೇ ಮಾತಿನಲ್ಲಿ ತಾನು ಒಸೈರಿಸನ ಸನ್ನಿಧಿಯಲ್ಲಿ, ಧರ್ಮಾತ್ಮರಾದ ಪೂರ್ವರಾಜರ ನಡುವೆ ಇರುವುದಾಗಿ ಹೇಳಿಕೊಳ್ಳುತ್ತಾನಷ್ಟೆ? ಹಾಗಾದರೆ ಮಾತನಾಡುತ್ತಿರುವವನು ಸತ್ತ ದೊರೆ. ಮಾತನಾಡಿಸುತ್ತಿರುವವನು ಹೊಸ ದೊರೆ. ಅಮೆನೆಮ್ಹೇಟನ ಬೋಧಗ್ರಂಥದ ಪದ್ಧತಿಯೇ ಇಲ್ಲಿಯೂ ನಡೆದಿದೆ.

ವಾದವು ಚೆನ್ನಾಗಿತ್ತು, ಆದರೆ ದೇಹವು ಅದಕ್ಕೆ ಸಾಕ್ಷಿ ಹೇಳಲಿಲ್ಲ. ದೇಹವು ದೊರೆತಿತ್ತು. ಸಮಾಧಿಗಳ್ಳರ ಹಾವಳಿಗೆ ಹೆದರಿ, ಮುಂದಿನ ರಾಜವಂಶದ ಕಾಲದ ಪುರೋಹಿತರು ಹಳೆಯ ದೊರೆಗಳ ದೇಹಗಳನ್ನು ಒಟ್ಟುಗೂಡಿಸಿ, ದೈರ್ ಎಲ್ ಬಹ್ರಿಯ ಬಂಡೆಗಳ ನಡುವಿನ ಒಂದು ಗುಪ್ತವಾದ ಸುರಂಗದಲ್ಲಿ ಇಟ್ಟಿದ್ದರು. ಅದು 1881ರಲ್ಲಿ ಅಧಿಕಾರಿಗಳಿಗೆ ತಿಳಿಯಿತು. ಮೂರನೆಯ ರಾಮೆಸೀಸನು ಅಲ್ಲಿ ತನಗಿಂತ ಎಷ್ಟೋ ಪ್ರಾಚೀನಳಾದ ರಾಣಿಯೊಬ್ಬಳ ಭಾರಿ ಪೆಟ್ಟಿಗೆಯೊಳಗೆ ಸೇರಿಕೊಂಡಿದ್ದನು. 1886ರಲ್ಲಿ ಮಾಸ್ಪೆರೋ ಎಂಬ ಫ್ರೆಂಚ್ ಪಂಡಿತನು ಸುತ್ತಿದ ಬಟ್ಟೆಯನ್ನು ಬಿಚ್ಚಿಸಿದಾಗ ಮುಖವು ಕಾಣಿಸಿತು, ಗಾಯವಾವುದೂ ಕಾಣಲಿಲ್ಲ. ಕುತ್ತಿಗೆಯ ಸುತ್ತಲಿನ ಬಟ್ಟೆಯ ಪಟ್ಟಿಗಳು ಮಾತ್ರ ರಾಳದಿಂದ ಗಟ್ಟಿಯಾಗಿ ಅಂಟಿಕೊಂಡಿದ್ದುದರಿಂದ ಹಾಗೆಯೇ ಉಳಿದವು. ತರುವಾಯ ಕ್ಷಕಿರಣಗಳಿಂದ ತೆಗೆದ ಚಿತ್ರಗಳಿಂದಲೂ ಏನೂ ಹೊಳೆಯಲಿಲ್ಲ.

ದೇಹವನ್ನು ಕತ್ತರಿಸದೆ ಅದರ ಒಂದೊಂದು ಪದರವನ್ನೂ ಬೇರೆಬೇರೆಯಾಗಿ ತೋರಿಸಬಲ್ಲ ಸಿ.ಟಿ. ಯಂತ್ರದ ಸಹಾಯದಿಂದ ಈಜಿಪ್ಟಿನ ಮತ್ತು ಯೂರೋಪಿನ ವಿಜ್ಞಾನಿಗಳು ಆ ಪಟ್ಟಿಗಳ ಕೆಳ���ೆ ನೋಡಿದ ಸಂಗತಿಯನ್ನು 2012ರ ಡಿಸೆಂಬರಿನಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಂಟಲಿನ ಬುಡದಲ್ಲಿ ಸುಮಾರು 7 ಸೆಂಟಿಮೀಟರ್ ಅಗಲದ ಗಾಯ. ಶ್ವಾಸನಾಳ, ಅನ್ನನಾಳ, ದೊಡ್ಡ ರಕ್ತನಾಳಗಳು ಎಲ್ಲವನ್ನೂ ಕೊಯ್ದು ಹರಿತವಾದ ಅಲಗು ಬೆನ್ನುಮೂಳೆಯ ವರೆಗೆ ಇಳಿದಿತ್ತು. ಮರಣವು ಆ ಕ್ಷಣದಲ್ಲಿಯೇ ಆಗಿರಬೇಕು. ವಿಚಾರಣೆಯನ್ನು ಏರ್ಪಡಿಸುವ ಮಾತಿರಲಿ, ಒಂದು ಮಾತನ್ನಾಡುವ ಅವಕಾಶವೂ ಅವನಿಗೆ ಇರಲಿಲ್ಲ. ದೇಹವನ್ನು ಸಂಸ್ಕರಿಸಿದವರು ಗಾಯದೊಳಗೆ ಹೋರಸನ ಕಣ್ಣಿನ ಆಕಾರದ ಒಂದು ಸಣ್ಣ ತಾಯಿತವನ್ನು ಇಟ್ಟಿದ್ದರು. ಸೇಥನ ಕೈಯಲ್ಲಿ ಕಿತ್ತುಹೋಗಿ ಮತ್ತೆ ವಾಸಿಯಾದ ಕಣ್ಣು ಅದು. ಪರಲೋಕದಲ್ಲಿ ಗಾಯ ಮಾಯಲೆಂಬ ಹಾರೈಕೆ. ಮುಂದೆ 2016ರಲ್ಲಿ ಪ್ರಕಟವಾದ ಪರಿಶೀಲನೆಯಿಂದ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಕಾಲಿನ ಹೆಬ್ಬೆರಳು ಕೊಡಲಿಯಂತಹ ಭಾರವಾದ ಆಯುಧದಿಂದ ತುಂಡಾಗಿತ್ತು. ಗಾಯವು ಮಾದ ಗುರುತಿಲ್ಲ. ಸಂಸ್ಕಾರ ಮಾಡಿದವರು ಬಟ್ಟೆಯಿಂದ ಒಂದು ಬೆರಳನ್ನು ಮಾಡಿ ಜೋಡಿಸಿದ್ದರು. ಎರಡು ಬಗೆಯ ಆಯುಧಗಳೆಂದಮೇಲೆ ಕೊಲೆಗಾರರು ಒಬ್ಬರಿಗಿಂತ ಹೆಚ್ಚಾಗಿದ್ದರೆಂದು ಊಹಿಸಬಹುದು. ದೊರೆಯ ಸುತ್ತ ಜನರು ಮುತ್ತಿಕೊಂಡರು.

ಆ ಪುರೋಹಿತರು ಅಂಟಿಸಿದ ರಾಳದ ಪಟ್ಟಿಯೂ, ಕರಣಿಕನು ಬರೆದ ವರದಿಯೂ ಮಾಡಿದ್ದು ಒಂದೇ ಕೆಲಸ. ದೊರೆಯು ಕೊಲೆಯಾದನೆಂದು ಬರೆದರೆ, ಹೋರಸನನ್ನು ಮನುಷ್ಯರು ಕೊಲ್ಲಬಹುದೆಂದು ಒಪ್ಪಿಕೊಂಡಂತೆ. ಈಜಿಪ್ಟಿನಲ್ಲಿ ಬರೆದದ್ದು ನಿಜವಾಗುತ್ತದೆಂಬ ನಂಬಿಕೆಯೂ ಇತ್ತು. ಆದ್ದರಿಂದ ಅಪರಾಧಿಗಳನ್ನು ಬರೆದರು, ಶಿಕ್ಷೆಯನ್ನು ಬರೆದರು, ಕೃತ್ಯವನ್ನು ಬಿಟ್ಟರು. ಆಳಿಕೆಯ 32ನೆಯ ವರ್ಷದಲ್ಲಿ, ಬೇಸಗೆಯ ಮೂರನೆಯ ತಿಂಗಳ ಹದಿನಾರನೆಯ ದಿನ, ಸಮಾಧಿಯ ಕೆಲಸಗಾರರ ಹಳ್ಳಿಗೆ ಸುದ್ದಿ ಬಂದಿತು. ಗಿಡುಗವು ಆಕಾಶಕ್ಕೆ ಹಾರಿತೆಂಬ ವಾಡಿಕೆಯ ಮಾತಿನಲ್ಲಿಯೇ ಅದನ್ನು ಸಾರಿದರು. ಗಿಡುಗವು ಹೋರಸನ ಪಕ್ಷಿ. ಸಹಜವಾಗಿ ಸತ್ತ ದೊರೆಗಳಿಗೂ ಇದೇ ಮಾತು.

ನಾಲ್ಕನೆಯ ರಾಮೆಸೀಸನು ತಂದೆಯನ್ನು ಇನ್ನೊಂದು ಸಲ ಮಾತನಾಡಿಸಿದನು. ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ನಲವತ್ತು ಮೀಟರಿಗೂ ಉದ್ದವಾದ ಹ್ಯಾರಿಸ್ ಪಪೈರಸ್ಸಿನಲ್ಲಿ, ಮೂರನೆಯ ರಾಮೆಸೀಸನು ದೇವಸ್ಥಾನಗಳಿಗೆ ಕೊಟ್ಟ ದತ್ತಿಗಳನ್ನೆಲ್ಲ ಪಟ್ಟಿಮಾಡಿದ್ದಾರೆ. ಕೊನೆಯಲ್ಲಿ ದೊರೆಯು ತನ್ನ ಪ್ರಜೆಗಳನ್ನೂ ಸೈನಿಕರನ್ನೂ ಕರೆದು, ತಾನು ಪರಲೋಕಕ್ಕೆ ಸೇರಿದ್ದೇನೆಂದೂ, ತನ್ನ ಮಗನಾದ ನಾಲ್ಕನೆಯ ರಾಮೆಸೀಸನೇ ಧರ್ಮತಃ ದೊರೆಯೆಂದೂ, ಅವನ ಪಾದಗಳನ್ನು ಆಶ್ರಯಿಸಿರೆಂದೂ ಹೇಳುತ್ತಾನೆ. ಹಕ್ಕು ನಿಸ್ಸಂದೇಹವಾಗಿದ್ದರೆ ಇಷ್ಟು ಉದ್ದದ ಕಾಗದವು ಬೇಕಾಗುತ್ತಿತ್ತೇ? ಹೊಸ ದೊರೆಯು ಸಮಾಧಿಯ ಕೆಲಸಗಾರರ ಸಂಖ್ಯೆಯನ್ನು 120ಕ್ಕೆ ಏರಿಸಿದನು. ಅಬೈಡಾಸಿನ ಒಂದು ಶಿಲಾಶಾಸನದಲ್ಲಿ, ಅರುವತ್ತೇಳು ವರ್ಷ ಆಳಿದ ಎರಡನೆಯ ರಾಮೆಸೀಸನ ಆಳಿಕೆಯ ಎರಡರಷ್ಟನ್ನು ತನಗೆ ಅನುಗ್ರಹಿಸಬೇಕೆಂದು ಒಸೈರಿಸನನ್ನು ಬೇಡಿಕೊಂಡನು. ಒಸೈರಿಸನು ಕೊಟ್ಟದ್ದು ಸುಮಾರು ಆರು ವರ್ಷ.

ಅವನ ಮಗನಾದ ಐದನೆಯ ರಾಮೆಸೀಸನ ಕಾಲಕ್ಕೆ ಸೇರಿದ ಥೀಬ್ಸಿನ ಒಂದು ಹಸ್ತಪ್ರತಿಯಲ್ಲಿ ಹೋರಸನಿಗೂ ಸೇಥನಿಗೂ ನಡೆದ ಪಟ್ಟದ ವ್ಯಾಜ್ಯವು ಹಾಸ್ಯಭರಿತವಾದ ಕಥೆಯಾಗಿ ಬಂದಿದೆ. ಎಂಬತ್ತು ವರ್ಷಗಳಾದರೂ ದೇವಸಭೆಯಲ್ಲಿ ತೀರ್ಪಾಗುವುದಿಲ್ಲ. ದೇವತೆಗಳು ಪಕ್ಷ ಬದಲಾಯಿಸುತ್ತಾರೆ, ಮುನಿಸಿಕೊಳ್ಳುತ್ತಾರೆ, ತಪ್ಪು ಸಲಹೆ ಕೊಡುತ್ತಾರೆ. ಆ ಕಥೆಯನ್ನು ಆಗ ಕೇಳಿ ನಕ್ಕವರಿಗೆ ಪೇಯೆಸನ ಪಾನಗೋಷ್ಠಿಯ ನೆನಪು ಬಂದಿರಲಾರದೆಂದು ಹೇಳುವುದು ಕಷ್ಟ. ಅಷ್ಟರಲ್ಲಿ ಪಟ್ಟವು ಅಡ್ಡದಾರಿ ಹಿಡಿಯಿತು. ಐದನೆಯವನ ತರುವಾಯ ಬಂದ ಆರನೆಯ ರಾಮೆಸೀಸನು ಅವನ ಮಗನಲ್ಲ; ಕೊಲೆಯಾದ ದೊರೆಯ ಇನ್ನೊಬ್ಬ ಮಗ. ಅವನು ಐದನೆಯವನಿಗೆಂದು ತೋಡಿದ್ದ ಸಮಾಧಿಯನ್ನು ತನ್ನದಾಗಿ ಮಾಡಿಕೊಂಡನು.

ದೈರ್ ಎಲ್ ಬಹ್ರಿಯ ಸುರಂಗದಲ್ಲಿ ದೊರೆಗಳ ನಡುವೆ ಬಣ್ಣಬರಹಗಳಿಲ್ಲದ, ಹೆಸರಿಲ್ಲದ ಒಂದು ಪೆಟ್ಟಿಗೆಯೂ ಸಿಕ್ಕಿತ್ತು. ಒಳಗಿದ್ದವನು ಸುಮಾರು ಇಪ್ಪತ್ತು ವರ್ಷದ ತರುಣ. ಅವನ ದೇಹವನ್ನು ಶುಭ್ರವಾದ ನಾರುಬಟ್ಟೆಯ ಬದಲು, ಈಜಿಪ್ಟಿನವರು ಅಶುಚಿಯೆಂದು ಭಾವಿಸುತ್ತಿದ್ದ ಪ್ರಾಣಿಯ ಚರ್ಮದಿಂದ ಸುತ್ತಿದ್ದರು. ಕೈಕಾಲುಗಳನ್ನು ತೊಗಲಿನ ಪಟ್ಟಿಯಿಂದ ಕಟ್ಟಿದ್ದರು. ಒಳಗಿನ ಅಂಗಗಳನ್ನು ತೆಗೆಯುವ ವಾಡಿಕೆಯ ಸಂಸ್ಕಾರವನ್ನೂ ಮಾಡಿರಲಿಲ್ಲ. ಬಾಯಿ ಚೀತ್ಕಾರ ಮಾಡುತ್ತಿರುವಂತೆ ತೆರೆದಿತ್ತು. ಇವನ ಗುರುತು ತಿಳಿಯದೆ ವಿದ್ವಾಂಸರು ‘ಇ ಎಂಬ ಅಜ್ಞಾತ ಪುರುಷ’ ಎಂದು ಕರೆದರು. 2012ರಲ್ಲಿ ಅನುವಂಶೀಯ ದ್ರವ್ಯವನ್ನು ಪರೀಕ್ಷಿಸಿದಾಗ, ತಂದೆಯಿಂದ ಮಗನಿಗೆ ಇಳಿದುಬರುವ ಗುರುತುಗಳು ಮೂರನೆಯ ರಾಮೆಸೀಸನಲ್ಲಿಯೂ ಈ ತರುಣನಲ್ಲಿಯೂ ಒಂದೇ ಆಗಿದ್ದವು. ಇವನು ಆ ದೊರೆಯ ಮಗನಿರಬಹುದೆಂದೂ, ಹಾಗಾದರೆ ಪೆಂತವೇರೆಯೇ ಆಗಿರಲು ಅವಕಾಶವಿದೆಯೆಂದೂ ಪರೀಕ್ಷಕರು ಅಭಿಪ್ರಾಯಪಟ್ಟರು. ಖಚಿತವಾಗಿ ಹೇಳಬಲ್ಲ ಬರಹವಾವುದೂ ಅವನ ಮೇಲಿಲ್ಲ. ಅವನ ಹೆಸರನ್ನು ಅಳಿಸಿದವರು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದ್ದರು.

2021ರ ಏಪ್ರಿಲ್ 3ರಂದು ಕೈರೋ ನಗರದಲ್ಲಿ ಒಂದು ವಿಚಿತ್ರವಾದ ಮೆರವಣಿಗೆ ನಡೆಯಿತು. ಹದಿನೆಂಟು ದೊರೆಗಳನ್ನೂ ನಾಲ್ವರು ರಾಣಿಯರನ್ನೂ, ಒಬ್ಬೊಬ್ಬರಿಗೂ ಅಲಂಕರಿಸಿದ ಒಂದೊಂದು ವಾಹನದಲ್ಲಿ ಕುಳ್ಳಿರಿಸಿದಂತೆ, ಹಳೆಯ ವಸ್ತುಪ್ರದರ್ಶನಶಾಲೆಯಿಂದ ಹೊಸದಕ್ಕೆ ರಾಜಮರ್ಯಾದೆಯಿಂದ ಕರೆದೊಯ್ದರು. ಮೂರನೆಯ ರಾಮೆಸೀಸನು ಅದರಲ್ಲಿದ್ದನು. ನಾಲ್ಕನೆಯವನೂ, ಐದನೆಯವನೂ, ಆರನೆಯವನೂ ಇದ್ದರು. ಬಾಯಿ ತೆರೆದ ತರುಣನು ಆ ಇಪ್ಪತ್ತೆರಡು ಮಂದಿಯಲ್ಲಿ ಇರಲಿಲ್ಲ.